ಬೋರ್ಡು ಬೇರೆ, ದುಡ್ಡು ಒಂದೇ: ನ್ಯೂಜೆರ್ಸಿಯಲ್ಲಿ ಪ್ರೀ-ಕೆ ತರಗತಿಯನ್ನು ತೂಗಿ ನೋಡುವುದು ಹೇಗೆ?

ಜೆರ್ಸಿ ಸಿಟಿ, ಹ್ಯಾರಿಸನ್, ಹೊಬೊಕೆನ್ ಕಡೆ ನೆಲೆಸಿರುವ ಕನ್ನಡದ ಮನೆಗಳಲ್ಲಿ ಮಗುವಿಗೆ ಮೂರು ತುಂಬುತ್ತಿದ್ದಂತೆ ಒಂದು ಚರ್ಚೆ ಶುರುವಾಗುತ್ತದೆ. ಪ್ರೀ-ಕೆಗೆ ಸರ್ಕಾರಿ ಶಾಲೆಗೆ ಹಾಕುವುದೋ, ಖಾಸಗಿ ಕೇಂದ್ರಕ್ಕೋ? ಕಿಂಡರ್‌ಗಾರ್ಟನ್‌ಗೆ ಮೊದಲಿನ ಈ ಎರಡು ವರ್ಷದ ತರಗತಿ ಈ ಊರುಗಳಲ್ಲಿ ಸರ್ಕಾರಿ ಶಾಲೆಯಲ್ಲೂ ಉಚಿತ, ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಶಿಕ್ಷಣ ಜಿಲ್ಲೆಯ ಜೊತೆ ಒಪ್ಪಂದವಿರುವ ಖಾಸಗಿ ಕೇಂದ್ರದಲ್ಲೂ ಉಚಿತ. ಬೆಂಗಳೂರಿನ ಎಲ್‌ಕೆಜಿ ಫೀಸು ನೋಡಿ ಬಂದ ಅಜ್ಜ-ಅಜ್ಜಿಗೆ ಇದು ನಂಬುವ ಮಾತೇ ಅಲ್ಲ. "ಖಾಸಗಿ ಅಂದ್ಮೇಲೆ ಚೆನ್ನಾಗೇ ಇರುತ್ತೆ" ಎನ್ನುವುದು ಅವರ ಲೆಕ್ಕ. "ಇಲ್ಲಿ ಸರ್ಕಾರಿ ಶಾಲೆಯೇ ಮೇಲು" ಎನ್ನುವುದು ವಾಟ್ಸ್ಆ್ಯಪ್ ಗುಂಪಿನ ಲೆಕ್ಕ. ಎರಡನ್ನೂ ಬದಿಗಿಟ್ಟು ನೀವೇ ಪರೀಕ್ಷೆ ಮಾಡಬಹುದು. ಅದಕ್ಕೆ ಬೇಕಾದ ಕಾಗದ, ಹಕ್ಕು, ಅಳತೆಗೋಲು ಎಲ್ಲ ಸಿಗುತ್ತವೆ.

ಮೊದಲು ದುಡ್ಡು ಬಂದ ದಾರಿ ತಿಳಿಯಿರಿ

ಈ ಕಥೆ ಕೋರ್ಟಿನಲ್ಲಿ ಶುರುವಾಗಿದ್ದು. ಬಡ ಊರುಗಳ ಶಾಲೆಗಳಿಗೆ ರಾಜ್ಯ ಸಾಕಷ್ಟು ಹಣ ಕೊಡುತ್ತಿಲ್ಲ ಎಂದು 1981ರಲ್ಲಿ ಕ್ಯಾಮ್ಡೆನ್, ಈಸ್ಟ್ ಆರೆಂಜ್, ಇರ್ವಿಂಗ್ಟನ್, ಜೆರ್ಸಿ ಸಿಟಿಯ ಮಕ್ಕಳ ಪರವಾಗಿ ದಾವೆ ಹೂಡಲಾಯಿತು. ಅದೇ ಪ್ರಸಿದ್ಧ ಆ್ಯಬಟ್ ಮೊಕದ್ದಮೆ. 1998ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಈ ಊರುಗಳ ಮೂರು-ನಾಲ್ಕು ವರ್ಷದ ಮಕ್ಕಳಿಗೆಲ್ಲ ಒಳ್ಳೆಯ ಪ್ರೀಸ್ಕೂಲ್ ಕೊಡಲೇಬೇಕು ಎಂದಿತು. 1999-2000ರ ಶಾಲಾ ವರ್ಷದಲ್ಲಿ ತರಗತಿಗಳು ಶುರುವಾದವು.

ಅಷ್ಟು ಮಕ್ಕಳಿಗೆ ಸರ್ಕಾರಿ ಶಾಲೆಗಳಲ್ಲಿ ಜಾಗ ಎಲ್ಲಿತ್ತು? ಹಾಗಾಗಿ ಊರಲ್ಲಿ ಮೊದಲೇ ಇದ್ದ ಖಾಸಗಿ ಶಿಶುಪಾಲನಾ ಕೇಂದ್ರಗಳನ್ನೂ, ಬಡ ಮನೆಗಳ ಮಕ್ಕಳಿಗೆಂದು ಕೇಂದ್ರ ಸರ್ಕಾರ ಹಣ ಕೊಡುವ ಹೆಡ್ ಸ್ಟಾರ್ಟ್ ಕೇಂದ್ರಗಳನ್ನೂ ಸೇರಿಸಿಕೊಂಡರು. ಶಿಶುಪಾಲನೆಯ ಲೈಸೆನ್ಸ್ ಇದ್ದರೆ ಸಾಕು ಎಂದು ರಾಜ್ಯ ವಾದಿಸಿ ನೋಡಿತು. 2000ದಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಮಗು ಯಾವ ಕಟ್ಟಡದಲ್ಲಿ ಕೂತರೂ ಗುಣಮಟ್ಟ ಒಂದೇ ಇರಬೇಕು ಎಂದಿತು. ಖಾಸಗಿ ಕೇಂದ್ರಗಳ ಶಿಕ್ಷಕರಿಗೆ ಡಿಗ್ರಿ ಮತ್ತು ಸರ್ಟಿಫಿಕೇಟ್ ಪಡೆಯಲು 2004ರ ಸೆಪ್ಟೆಂಬರ್‌ವರೆಗೆ ಗಡುವು ಕೊಟ್ಟರು. ಓದಲು ರಾಜ್ಯವೇ ಸ್ಕಾಲರ್‌ಶಿಪ್ ಕೊಟ್ಟಿತು. ನನ್ನ ಕೇಳಿದರೆ, ಇಡೀ ಯೋಜನೆಯ ಜಾಣತನ ಇರುವುದು ಈ ಒಂದು ನಿರ್ಧಾರದಲ್ಲಿ. ಕೆಲಸದಲ್ಲಿದ್ದವರನ್ನು ಮನೆಗೆ ಕಳಿಸಲಿಲ್ಲ, ಓದಿಸಿದರು.

ಈಗ ನಿಯಮ ಎರಡೂ ಕಡೆಗೆ ಒಂದೇ. ತರಗತಿಗೆ 15ಕ್ಕಿಂತ ಜಾಸ್ತಿ ಮಕ್ಕಳಿಲ್ಲ. ಒಬ್ಬ ಶಿಕ್ಷಕಿ, ಒಬ್ಬ ಸಹಾಯಕಿ. ಶಿಕ್ಷಕಿಗೆ ಪದವಿಯ ಜೊತೆ ಪಿ-3 (ಪ್ರೀಸ್ಕೂಲಿನಿಂದ ಮೂರನೇ ತರಗತಿವರೆಗೆ ಕಲಿಸುವ) ಸರ್ಟಿಫಿಕೇಟ್. ದಿನಕ್ಕೆ ಆರು ಗಂಟೆ, ವರ್ಷಕ್ಕೆ 180 ದಿನ. ಆ ಆರು ಗಂಟೆಗೆ ಖಾಸಗಿ ಕೇಂದ್ರ ಫೀಸು ಕೇಳುವಂತಿಲ್ಲ, ಅದು ಚರ್ಚಿನ ಕಟ್ಟಡದಲ್ಲಿದ್ದರೂ ಆ ಹೊತ್ತಿನಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಆ್ಯಬಟ್ ಪಟ್ಟಿಯಲ್ಲಿ ಇದ್ದದ್ದು 31 ಶಿಕ್ಷಣ ಜಿಲ್ಲೆಗಳು. 2008ರ ಕಾನೂನು ಇದನ್ನು ಬೇರೆ ಜಿಲ್ಲೆಗಳಿಗೂ ಹರಡುವ ದಾರಿ ಮಾಡಿತು. ಈಗ ಆ ಪಟ್ಟಿಯ ಆಚೆಗೂ ಬೇಕಾದಷ್ಟು ಊರುಗಳಲ್ಲಿ ರಾಜ್ಯದ ದುಡ್ಡಿನ ಪ್ರೀ-ಕೆ ಇದೆ. ನಿಮ್ಮ ಊರಲ್ಲಿ ಇದೆಯೇ, ಮಗುವಿನ ವಯಸ್ಸು ಯಾವ ತಾರೀಕಿಗೆ ಲೆಕ್ಕ ಎಂಬುದನ್ನು ಜಿಲ್ಲೆಯ ಕಚೇರಿಯಲ್ಲಿ ಕೇಳಿಕೊಳ್ಳಿ. ಅಪ್ಪ-ಅಮ್ಮನ ವೀಸಾ ಎಚ್-1ಬಿಯೋ ಮತ್ತೊಂದೋ, ಮಗುವಿನ ಸೀಟಿಗೆ ಅದು ಅಡ್ಡಿಯಲ್ಲ. ಬೇಕಾಗುವುದು ಆ ಊರಲ್ಲಿ ವಾಸವಿದ್ದೀರಿ ಎಂಬ ಪುರಾವೆ, ಮಗುವಿನ ಜನನ ಪತ್ರ, ಲಸಿಕೆ ದಾಖಲೆ.

ನಮ್ಮಲ್ಲಿ ಆರ್‌ಟಿಇ ಸೀಟಿಗೆ ಸರ್ಕಾರ ಖಾಸಗಿ ಶಾಲೆಗೆ ಫೀಸು ಮರುಪಾವತಿ ಮಾಡುತ್ತದೆ, ತರಗತಿಯೊಳಗಿನ ವಿಷಯ ಬಹುಮಟ್ಟಿಗೆ ಶಾಲೆಗೇ ಬಿಟ್ಟದ್ದು. ಇಲ್ಲಿ ಜಿಲ್ಲೆ ಮತ್ತು ಕೇಂದ್ರದ ನಡುವೆ ಒಪ್ಪಂದ ಆಗುತ್ತದೆ. ತರಗತಿ ಹೇಗೆ ನಡೆಯಬೇಕು ಎಂಬುದು ಆ ಒಪ್ಪಂದದಲ್ಲೇ ಇರುತ್ತದೆ. ಆದ್ದರಿಂದ ಖಾಸಗಿ ಕೇಂದ್ರದವರಿಗೆ ಪ್ರಶ್ನೆ ಕೇಳಲು ಮುಜುಗರ ಬೇಡ.

ಕಾಗದ ಓದಿ, ಆಮೇಲೆ ಕಟ್ಟಡ ನೋಡಿ

ಖಾಸಗಿ ಕೇಂದ್ರಗಳಿಗೆ ರಾಜ್ಯದ ಮಕ್ಕಳ ಮತ್ತು ಕುಟುಂಬಗಳ ಇಲಾಖೆಯಿಂದ ಲೈಸೆನ್ಸ್ ಬೇಕು. ಅದರ ತಪಾಸಣೆ ವರದಿಗಳು ಆನ್‌ಲೈನ್‌ನಲ್ಲೇ ಸಿಗುತ್ತವೆ. ಓದುವಾಗ ತಪ್ಪುಗಳ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಗೋಡೆಗೆ ಒಂದು ಪಟ್ಟಿ ಅಂಟಿಸಿಲ್ಲ ಎಂಬುದೂ ತಪ್ಪೇ, ಮಕ್ಕಳನ್ನು ನೋಡಿಕೊಳ್ಳಲು ಸಾಕಷ್ಟು ದೊಡ್ಡವರಿರಲಿಲ್ಲ ಎಂಬುದೂ ತಪ್ಪೇ. ಮೊದಲನೆಯದನ್ನು ಬಿಡಿ. ಎರಡನೆಯದು ಒಂದು ಸಲ ಬಂದಿದ್ದರೆ ಕೇಳಿ, ಎರಡು-ಮೂರು ವರ್ಷ ಮತ್ತೆ ಮತ್ತೆ ಬಂದಿದ್ದರೆ ಆ ಕೇಂದ್ರವನ್ನು ಪಟ್ಟಿಯಿಂದ ತೆಗೆದುಬಿಡಿ.

ಇಲ್ಲೊಂದು ಎಡವಟ್ಟು ಆಗುತ್ತದೆ. ಜಿಲ್ಲೆಯೇ ತನ್ನ ಶಾಲೆಯಲ್ಲಿ ನಡೆಸುವ ಪ್ರೀ-ಕೆಗೆ ಈ ಲೈಸೆನ್ಸ್ ಬೇಕಿಲ್ಲ, ಹಾಗಾಗಿ ಅಂಥ ವರದಿಯೂ ಇಲ್ಲ. ವರದಿ ಇಲ್ಲದ್ದನ್ನು ತಪ್ಪು ಇಲ್ಲ ಎಂದು ಓದುವವರು ಜಾಸ್ತಿ. ಖಾಸಗಿಯವರ ತಪ್ಪು ಕಣ್ಣಿಗೆ ಬೀಳುತ್ತದೆ, ಶಾಲೆಯವರದು ಬೀಳುವುದಿಲ್ಲ, ಅಷ್ಟೇ. ಶಾಲೆಯ ವಿಷಯ ಬೇರೆ ಕಡೆಯಿಂದ ಹುಡುಕಬೇಕು.

ಆ ಬೇರೆ ಕಡೆ ಯಾವುದು? ಒಂದು, ಶಾಲಾ ಮಂಡಳಿಯ ಸಭೆಯ ಕಾರ್ಯಸೂಚಿ. ಯಾವ ಕೇಂದ್ರಕ್ಕೆ ಎಷ್ಟು ಮಕ್ಕಳಿಗೆ ಎಷ್ಟು ಡಾಲರ್ ಎಂಬ ಠರಾವು ಅಲ್ಲಿ ಬರುತ್ತದೆ. ಸಭೆ ಎಲ್ಲರಿಗೂ ತೆರೆದದ್ದು, ಸಾರ್ವಜನಿಕರು ಮಾತಾಡಲು ಸಮಯ ಇಡಲೇಬೇಕು. ಇನ್ನೊಂದು, ಒಪ್ರಾ (OPRA) ಎಂದು ಕರೆಯುವ ಸಾರ್ವಜನಿಕ ದಾಖಲೆ ಕಾಯ್ದೆ. ನಮ್ಮ ಆರ್‌ಟಿಐ ಇದ್ದ ಹಾಗೆ, ಆದರೆ ಇಲ್ಲಿ ಸಾಮಾನ್ಯವಾಗಿ ಏಳು ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ಆರ್‌ಟಿಐನಲ್ಲಿ 30 ದಿನ ಕಾದವರಿಗೆ ಇದು ಸುಖ! ಅರ್ಜಿಯಲ್ಲಿ "ಪ್ರೀಸ್ಕೂಲ್ ಬಗ್ಗೆ ಎಲ್ಲ ಮಾಹಿತಿ ಕೊಡಿ" ಎಂದರೆ ತಳ್ಳಿಹಾಕುತ್ತಾರೆ. ದಾಖಲೆಯ ಹೆಸರು, ಶಾಲಾ ವರ್ಷ ಬರೆಯಿರಿ. ಇಂಥ ಕೇಂದ್ರದ ಜೊತೆ ಮಾಡಿಕೊಂಡ ಒಪ್ಪಂದ, ಅದರ ಬಜೆಟ್, ಶಾಲೆ ಮತ್ತು ಕೇಂದ್ರಗಳ ತರಗತಿ ವೀಕ್ಷಣೆಯ ಸರಾಸರಿ ಅಂಕ, ಹೀಗೆ. ಒಬ್ಬ ಶಿಕ್ಷಕಿಯ ಹೆಸರಿನ ವರದಿ ಕೇಳಬೇಡಿ, ಅದು ಸಿಗುವುದೂ ಇಲ್ಲ, ಬೇಕಾಗುವುದೂ ಇಲ್ಲ.

ಗ್ರೋ ಎನ್‌ಜೆ ಕಿಡ್ಸ್ ಎಂಬ ರಾಜ್ಯದ ಸ್ಟಾರ್ ರೇಟಿಂಗ್ ಕೂಡ ಇದೆ. ಸೇರುವುದು ಕೇಂದ್ರಗಳಿಗೆ ಬಿಟ್ಟದ್ದು. ಸ್ಟಾರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಟ್ಟದ್ದು ಎಂದೇನಲ್ಲ.

ಗಡಿಯಾರ ಮತ್ತು ಕ್ಯಾಲೆಂಡರ್

ಆರು ಗಂಟೆ, 180 ದಿನ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಉಳಿದ ಹೊತ್ತಿಗೆ ಮಗು ಎಲ್ಲಿ? ಖಾಸಗಿ ಕೇಂದ್ರಗಳಲ್ಲಿ ಬೆಳಗ್ಗೆ ಬೇಗ, ಸಂಜೆ ತಡವಾಗಿ, ಬೇಸಿಗೆಯಲ್ಲೂ ಅದೇ ಕಟ್ಟಡದಲ್ಲಿ ಮಗುವನ್ನು ಬಿಡುವ ಅನುಕೂಲ ಸಾಮಾನ್ಯವಾಗಿ ಇರುತ್ತದೆ. ಆ ಹೆಚ್ಚುವರಿ ಹೊತ್ತಿಗೆ ನೀವು ದುಡ್ಡು ಕಟ್ಟಬೇಕು, ಕಡಿಮೆ ಆದಾಯದವರಿಗೆ ಸಹಾಯಧನದ ಯೋಜನೆ ಉಂಟು, ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿಕೊಳ್ಳಿ. ಸರ್ಕಾರಿ ಶಾಲೆಯಲ್ಲಿ ಒಂದೊಂದು ಕಡೆ ಒಂದೊಂದು ವ್ಯವಸ್ಥೆ, ಕೆಲವು ಕಡೆ ಏನೂ ಇಲ್ಲ. ಎರಡೂ ಕಡೆಯ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು, ರಜೆ ದಿನ, ಅರ್ಧ ದಿನ, ಬೇಸಿಗೆ ಎಲ್ಲ ಸೇರಿಸಿ ವರ್ಷದ ಖರ್ಚು ಕೂಡಿ. "ಉಚಿತ" ಎಂಬ ಪದದ ನಿಜವಾದ ಬೆಲೆ ಆಗ ಗೊತ್ತಾಗುತ್ತದೆ.

ತರಗತಿಯಲ್ಲಿ ಕೂತು ನೋಡಿ

ಇದೇ ಮುಖ್ಯ ಹಂತ. ಸಮಯ ಕೇಳಿಕೊಂಡು ಹೋಗಿ, ಮೂಲೆಯಲ್ಲಿ ಸುಮ್ನೆ ಕೂತುಕೊಳ್ಳಿ. ಅರ್ಧ ಗಂಟೆಯ ಟೂರ್ ಸಾಲದು. ಟೂರ್‌ನಲ್ಲಿ ಗೋಡೆಯ ಚಿತ್ರ ತೋರಿಸುತ್ತಾರೆ. ನಿಮಗೆ ಬೇಕಾದದ್ದು ಆಟದ ಹೊತ್ತು ಮತ್ತು ಊಟದ ಹೊತ್ತು.

ಅಮೆರಿಕದಲ್ಲಿ ಪರಿಣತರು ಬಳಸುವ ಅಳತೆಗೋಲು ಮುಖ್ಯವಾಗಿ ಎರಡು. ಈಕರ್ಸ್ (ECERS) ಎಂಬುದು ಕೋಣೆ, ಸಾಮಾನು, ದಿನಚರಿ, ಸುರಕ್ಷತೆ, ಚಟುವಟಿಕೆ ನೋಡುತ್ತದೆ. ಕ್ಲಾಸ್ (CLASS) ಎಂಬುದು ಶಿಕ್ಷಕಿ ಮತ್ತು ಮಕ್ಕಳ ನಡುವಿನ ಒಡನಾಟ ನೋಡುತ್ತದೆ. ಎರಡರಲ್ಲೂ 1ರಿಂದ 7ರವರೆಗೆ ಅಂಕ. ಕ್ಲಾಸ್‌ನಲ್ಲಿ ಮೂರು ಭಾಗ: ಮಗುವಿಗೆ ಸಿಗುವ ಆಸರೆ, ತರಗತಿಯ ನಿರ್ವಹಣೆ, ಕಲಿಕೆಗೆ ಸಿಗುವ ಒತ್ತಾಸೆ. ಮೊದಲೆರಡರಲ್ಲಿ ಸಾಮಾನ್ಯವಾಗಿ ಒಳ್ಳೆಯ ಅಂಕ ಬರುತ್ತದೆ. ಸೋಲುವುದು ಮೂರನೆಯದರಲ್ಲಿ. ಹೆಡ್ ಸ್ಟಾರ್ಟ್ ಕೇಂದ್ರಗಳ ದೇಶದ ಸರಾಸರಿ ಇದರಲ್ಲಿ 3 ಅಂಕವನ್ನೂ ಮುಟ್ಟದ ವರ್ಷಗಳಿವೆ. ಅಂದರೆ ಪ್ರೀತಿಯಿಂದ ನೋಡಿಕೊಳ್ಳುವವರು ಎಲ್ಲ ಕಡೆ ಸಿಗುತ್ತಾರೆ, ಮಗುವನ್ನು ಯೋಚನೆಗೆ ಹಚ್ಚುವವರು ಅಪರೂಪ.

ಹಾಗಾಗಿ ಕಿವಿಗೆ ಕೆಲಸ ಕೊಡಿ. ಮಗು ಕಟ್ಟಿದ ಬ್ಲಾಕಿನ ಗೋಪುರ ಬೀಳುತ್ತದೆ ಎಂದುಕೊಳ್ಳಿ. ಶಿಕ್ಷಕಿ "ಪರವಾಗಿಲ್ಲ, ಇನ್ನೊಂದು ಕಟ್ಟು" ಎಂದು ಮುಂದೆ ಹೋದರೇ? ಇಲ್ಲ, ಪಕ್ಕ ಕೂತು "ಯಾಕೆ ಬಿತ್ತು? ದೊಡ್ಡದನ್ನು ಕೆಳಗಿಟ್ಟರೆ ಏನಾಗಬಹುದು?" ಎಂದು ಕೇಳಿ, ಉತ್ತರಕ್ಕೆ ಕಾದರೇ? ಎಷ್ಟು ಪ್ರಶ್ನೆಗಳಿಗೆ ಹೌದು-ಇಲ್ಲ ಎಂದರೆ ಸಾಕಾಗುತ್ತದೆ, ಎಷ್ಟಕ್ಕೆ ಮಗು ಒಂದು ವಾಕ್ಯ ಹೇಳಬೇಕಾಗುತ್ತದೆ ಎಂದು ಗೆರೆ ಹಾಕಿ ಎಣಿಸಿ. ಸಾಲಲ್ಲಿ ನಿಲ್ಲುವುದು, ಕೈ ತೊಳೆಯಲು ಕಾಯುವುದು, ಸುಮ್ಮನೆ ಕೂರುವುದು, ಇವಕ್ಕೆ ಎಷ್ಟು ನಿಮಿಷ ಹೋಯಿತು ಎಂದೂ ಬರೆದುಕೊಳ್ಳಿ. ಸಹಾಯಕಿ ಮಕ್ಕಳ ಜೊತೆ ಮಾತಾಡುತ್ತಾರೋ, ಇಡೀ ಹೊತ್ತು ಒರೆಸುವುದು-ಜೋಡಿಸುವುದರಲ್ಲೇ ಇರುತ್ತಾರೋ? ಎಲ್ಲ ಮಕ್ಕಳ ಚಿತ್ರವೂ ಒಂದೇ ಅಚ್ಚಿನಲ್ಲಿದ್ದರೆ ಅದು ದೊಡ್ಡವರ ಚಿತ್ರ.

ವರ್ಕ್‌ಶೀಟ್ ಕಂತೆ ತೋರಿಸಿ "ನಮ್ಮಲ್ಲಿ ಬರೆಸುತ್ತೇವೆ" ಎಂದರೆ ನಮ್ಮವರು ಖುಷಿಪಡುತ್ತಾರೆ, ಅಲ್ವಾ? ಅದಕ್ಕೆ ಮರುಳಾಗಬೇಡಿ. ಜಿಲ್ಲೆ ಯಾವ ಪಠ್ಯಕ್ರಮ ಆರಿಸಿದೆ ಎಂದು ಕೇಳಿ. ಹೈಸ್ಕೋಪ್, ಕ್ರಿಯೇಟಿವ್ ಕರಿಕ್ಯುಲಮ್, ಟೂಲ್ಸ್ ಆಫ್ ದಿ ಮೈಂಡ್, ಇವೆಲ್ಲ ಆಟದ ಮೇಲೆ ನಿಂತವು. ಹೆಸರು ಹೇಳಿ ವರ್ಕ್‌ಶೀಟ್ ಮಾಡಿಸುತ್ತಿದ್ದರೆ ಪಠ್ಯಕ್ರಮ ಕಪಾಟಿನಲ್ಲಿದೆ ಎಂದರ್ಥ.

ಯಾರು ಉಳಿದಿದ್ದಾರೆ?

ಶಾಲೆ ಮತ್ತು ಖಾಸಗಿ ಕೇಂದ್ರದ ನಡುವೆ ನಿಜವಾದ ವ್ಯತ್ಯಾಸ ಹುಡುಕುವುದಾದರೆ ಇಲ್ಲಿ ಹುಡುಕಿ. ನ್ಯೂಜೆರ್ಸಿ ಖಾಸಗಿ ಕೇಂದ್ರದ ಶಿಕ್ಷಕರಿಗೂ ಜಿಲ್ಲೆಯ ಶಿಕ್ಷಕರಿಗೆ ಹೋಲುವ ಸಂಬಳ ಕೊಡುವ ದಾರಿ ಹಿಡಿದದ್ದು ದೊಡ್ಡ ಮಾತು. ಆದರೂ ಪಿಂಚಣಿ, ವಿಮೆ, ಬೇಸಿಗೆ ರಜೆ ಎಂದಾಗ ಸರ್ಕಾರಿ ಶಾಲೆಯ ಸೆಳೆತವೇ ಜಾಸ್ತಿ. ಸರ್ಟಿಫಿಕೇಟ್ ಬಂದ ಮೇಲೆ ಅತ್ತ ಹಾರುವವರನ್ನು ತಪ್ಪು ಎನ್ನಲಾಗದು. ಎರಡೂ ಕಡೆ ಇದೇ ಮೂರು ಪ್ರಶ್ನೆ ಕೇಳಿ: ಈ ತರಗತಿಯ ಶಿಕ್ಷಕಿ ಎಷ್ಟು ವರ್ಷದಿಂದ ಇಲ್ಲಿದ್ದಾರೆ? ವರ್ಷದ ಮಧ್ಯೆ ಬಿಟ್ಟರೆ ಪಾಠ ಯಾರು ಮಾಡುತ್ತಾರೆ? ಶಿಕ್ಷಕರಿಗೆ ಮಾರ್ಗದರ್ಶನ ಮಾಡುವ ಜಿಲ್ಲೆಯ ಕೋಚ್ (ಮೊದಲಿನ ಹೆಸರು ಮಾಸ್ಟರ್ ಟೀಚರ್) ಎಷ್ಟು ಸಲ ಬಂದು ಹೋಗುತ್ತಾರೆ? ಈ ಮೂರನೆಯದಕ್ಕೆ ಸಹಾಯಕಿಯೂ ಥಟ್ಟನೆ ಉತ್ತರ ಕೊಟ್ಟರೆ, ಅವರು ನಿಜಕ್ಕೂ ಬರುತ್ತಿದ್ದಾರೆ.

ನಮ್ಮ ಮನೆಯ ಮಗುವಿಗೆ

ಸೇರಿಸುವಾಗ ಮನೆಭಾಷೆಯ ಬಗ್ಗೆ ಒಂದು ಫಾರಂ ತುಂಬಿಸುತ್ತಾರೆ. "ಕನ್ನಡ ಎಂದು ಬರೆದರೆ ಮಗುವನ್ನು ಹಿಂದೆ ಕೂರಿಸುತ್ತಾರೆ" ಎಂದು ಹೆದರಿ ಇಂಗ್ಲಿಷ್ ಎಂದು ಬರೆಯುವವರಿದ್ದಾರೆ. ನಿಜವನ್ನೇ ಬರೆಯಿರಿ. ಮಗು ಸುಮ್ಮನಿದ್ದರೆ ಅದಕ್ಕೆ ಮಾತು ತಡವೋ, ಭಾಷೆ ಹೊಸದೋ ಎಂದು ಶಿಕ್ಷಕಿಗೆ ತಿಳಿಯುವುದು ಇದರಿಂದಲೇ. ಬೆಳವಣಿಗೆಯಲ್ಲಿ ತೊಂದರೆ ಇದೆ ಎನಿಸಿದರೆ ಮೂರು ತುಂಬಿದ ಮೇಲೆ ಪರೀಕ್ಷಿಸಿ ನೆರವು ಕೊಡುವ ಹೊಣೆ ಶಿಕ್ಷಣ ಜಿಲ್ಲೆಯದು. ಮಗು ಖಾಸಗಿ ಕೇಂದ್ರದಲ್ಲಿದ್ದರೂ ಅಷ್ಟೇ. ಲಿಖಿತವಾಗಿ ಕೇಳಿ. ಊಟದಲ್ಲಿ ಮೊಟ್ಟೆ, ಮಾಂಸ ಬೇಡ ಎನ್ನುವವರು ಡಬ್ಬಿ ತರಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಫ್ಲೂ ಲಸಿಕೆಯನ್ನು ಡಿಸೆಂಬರ್ 31ರೊಳಗೆ ಹಾಕಿಸಬೇಕು ಎಂಬುದೂ ನೆನಪಿರಲಿ.

ಫಲಿತಾಂಶ ಹೋಲಿಸುವಾಗ

ಶುರುವಿನ ವರ್ಷಗಳಲ್ಲಿ ಆ್ಯಬಟ್ ತರಗತಿಗಳ ಈಕರ್ಸ್ ಅಂಕ ಹೇಳಿಕೊಳ್ಳುವಂತೆ ಇರಲಿಲ್ಲ. ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ವರ್ಷವರ್ಷ ಅಳೆಯುತ್ತಾ ಹೋದಂತೆ ಅಂಕ ಏರಿತು. ಮಕ್ಕಳನ್ನು ಐದನೇ ತರಗತಿಯವರೆಗೂ ಹಿಂಬಾಲಿಸಿದಾಗ ಲಾಭ ಉಳಿದಿತ್ತು. ಒಂದು ವರ್ಷ ಬಂದವರಿಗಿಂತ ಎರಡು ವರ್ಷ ಬಂದವರಿಗೆ ಜಾಸ್ತಿ. ಮೂರಕ್ಕೇ ಸೇರಿಸಬೇಕೇ ಎಂದು ತೂಗುತ್ತಿರುವವರಿಗೆ ಇದು ಉಪಯೋಗ.

ಆದರೆ ನೀವು ಎರಡು ಕೇಂದ್ರಗಳ ಮಕ್ಕಳ ಅಂಕ ಹೋಲಿಸಲು ಹೋಗಬೇಡಿ. ಓದಿದ ಅಪ್ಪ-ಅಮ್ಮಂದಿರ ಮಕ್ಕಳೇ ತುಂಬಿರುವ ಕಡೆ ಅಂಕ ಮೊದಲೇ ಜಾಸ್ತಿ. ಅದು ಕೇಂದ್ರದ ಸಾಧನೆಯಲ್ಲ. ಸೆಪ್ಟೆಂಬರ್‌ನಲ್ಲಿ ಎಲ್ಲಿದ್ದರು, ಜೂನ್‌ನಲ್ಲಿ ಎಲ್ಲಿಗೆ ಬಂದರು ಎಂಬುದು ಗೊತ್ತಿದ್ದರೆ ಮಾತ್ರ ಹೋಲಿಕೆಗೆ ಅರ್ಥ.

ನೀವು ಮಾಡಿದ ಪರೀಕ್ಷೆಯಲ್ಲಿ ಕೊರತೆ ಕಂಡರೆ ಮೊದಲು ಕೇಂದ್ರದ ನಿರ್ದೇಶಕರಿಗೆ ಹೇಳಿ, ಆಮೇಲೆ ಜಿಲ್ಲೆಯ ಪ್ರೀಸ್ಕೂಲ್ ಮೇಲ್ವಿಚಾರಕರಿಗೆ. ಮಕ್ಕಳ ಸುರಕ್ಷತೆಯ ವಿಷಯವಾದರೆ ಕಾಯದೆ ರಾಜ್ಯಕ್ಕೆ ನೇರವಾಗಿ ದೂರು ಕೊಡಿ. ಉಳಿದದ್ದಕ್ಕೆ ಸಮಯ ನೋಡಿಕೊಳ್ಳಿ. ಜಿಲ್ಲೆಗಳ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಮುಂದಿನ ವರ್ಷದ ಬಜೆಟ್ಟು ಮಾರ್ಚ್-ಏಪ್ರಿಲ್ ಸಭೆಗಳಲ್ಲಿ ಮಂಡಳಿಯ ಮುಂದೆ ಇರುತ್ತದೆ. ಬರೆದುಕೊಂಡ ನಿಮಿಷಗಳ ಲೆಕ್ಕ ಹಿಡಿದು ಆ ಸಭೆಗೆ ಹೋಗಿ. ಆಗಸ್ಟ್‌ನಲ್ಲಿ ಹೋದರೆ ಒಪ್ಪಂದಕ್ಕೆ ಸಹಿ ಆಗಿರುತ್ತದೆ.