ಚೌಕದ ವಿಸ್ತೀರ್ಣ: ಮೊದಲು ಎಣಿಸ್ಲಿ, ಆಮೇಲೆ ಗುಣಿಸ್ಲಿ

"ಬಾಹು × ಬಾಹು" ಅಂತ ಸೂತ್ರ ಬಾಯಿಪಾಠ ಮಾಡ್ಸಿದ್ರೆ ಮಕ್ಕಳಿಗೆ ಟೆಸ್ಟಲ್ಲಿ ಮಾರ್ಕ್ಸ್ ಬರತ್ತೆ ನಿಜ, ಆದ್ರೆ ಸುತ್ತಳತೆ ಲೆಕ್ಕ ಪಕ್ಕದಲ್ಲಿ ಬಂದ ತಕ್ಷಣ ಎರಡೂ ಕಲಸಿ ಹೋಗತ್ತೆ. ಅದಕ್ಕೆ ಸೂತ್ರ ಕೊನೆಗೆ ಹೇಳಿ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೀರಿ, ಉದ್ದಕ್ಕೆ 5 ಅಗಲಕ್ಕೆ 5. ಒಳಗೆ ಎಷ್ಟು ಮನೆ ಇದೆ ಅಂತ ಒಂದೊಂದಾಗಿ ಎಣಿಸೋಕೆ ಹೇಳಿ, ಅವಸರ ಮಾಡ್ಬೇಡಿ, ಎರಡ್ಮೂರು ಸಾಲು ಆಗೋಷ್ಟರಲ್ಲಿ ಎಷ್ಟೋ ಮಕ್ಕಳು ತಾವಾಗೇ "ಎಲ್ಲಾ ಸಾಲಲ್ಲೂ ಐದೈದೇ ಇದೆಯಲ್ಲ" ಅಂತಾರೆ, ಅಲ್ಲಿಂದ ಐದೈದ್ಲಿ ಇಪ್ಪತ್ತೈದು ಅನ್ನೋದು ಅವರದ್ದೇ ಲೆಕ್ಕ ಆಗತ್ತೆ. ಈಗ ಹೊರಗಿನ ಗೆರೆ ಮೇಲೆ ಬೆರಳಿಟ್ಟು ಒಂದು ಸುತ್ತು ಬರ್ಲಿ, 5+5+5+5 = 20. ಬೆರಳು ಓಡಿದ್ದು ಸುತ್ತಳತೆ, ಒಳಗಿನ ಮನೆಗಳೆಲ್ಲ ಸೇರಿ ವಿಸ್ತೀರ್ಣ.

ಮೊದಲನೇ ಉದಾಹರಣೆಗೆ 2 ಮತ್ತು 4 ದಯವಿಟ್ಟು ತಗೋಬೇಡಿ. ಬಾಹು 4 ಇದ್ರೆ ಸುತ್ತಳತೆನೂ 16, ವಿಸ್ತೀರ್ಣನೂ 16, ಮಗು ತಪ್ಪು ದಾರೀಲಿ ಹೋದ್ರೂ ಉತ್ತರ ಸರಿ ಬರತ್ತೆ ನಮಗೆ ಗೊತ್ತೇ ಆಗಲ್ಲ. 2 ಇನ್ನೂ ಕಷ್ಟ, 2+2 ಕೂಡ 4, 2×2 ಕೂಡ 4. 3, 5, 6 ಇಂಥವು ಒಳ್ಳೇದು.

ಆಮೇಲೆ ನೋಟ್‌ಬುಕ್ಕಿಗೆ ಬನ್ನಿ. ಸ್ಕೇಲಿಟ್ಟು 6 ಸೆಂಟಿಮೀಟರ್ ಬಾಹುವಿನ ಚೌಕ ಬರೆಸಿ, 6 × 6 = 36 ಚದರ ಸೆಂಟಿಮೀಟರ್. "ಚದರ" ಬಿಟ್ರೆ ಬಿಡಬೇಡಿ, ಬರೀ ಸೆಂಟಿಮೀಟರ್ ಅಂದ್ರೆ ಅದು ಗೆರೆಯ ಅಳತೆ, ಇಲ್ಲಿ ನಾವು ಎಣಿಸ್ತಿರೋದು 1 ಸೆಂಟಿಮೀಟರಿನ ಪುಟ್ಟ ಪುಟ್ಟ ಚೌಕಗಳನ್ನ. ಇದು ತಲೇಲಿ ಕೂತ್ರೆ 1 ಚದರ ಮೀಟರಿಗೆ 100 ಅಲ್ಲ 10,000 ಚದರ ಸೆಂಟಿಮೀಟರ್ ಅಂದಾಗ ಗಾಬರಿ ಆಗಲ್ಲ, 100 ಸಾಲು, ಸಾಲಿಗೆ 100, ಅಷ್ಟೇ.

ಬಾಹು ಡಬಲ್ ಆದ್ರೆ ವಿಸ್ತೀರ್ಣ ಎಷ್ಟಾಗತ್ತೆ ಅಂತಲೂ ಕೇಳಿ. ಬಹಳ ಮಕ್ಕಳು ಡಬಲ್ ಅಂತಾರೆ. 3 ರ ಚೌಕ 9, 6 ರ ಚೌಕ 36, ನಾಲ್ಕು ಪಟ್ಟು. ಬಾಯಲ್ಲಿ ಹೇಳೋದಕ್ಕಿಂತ 3 ರ ಚೌಕ ನಾಲ್ಕು ಕತ್ತರಿಸಿ 6 ರ ಮೇಲೆ ಜೋಡಿಸೋಕೆ ಬಿಡಿ.

ಊರಲ್ಲಿ ಜಮೀನಿದ್ರೆ ಗುಂಟೆ ಲೆಕ್ಕ ತುಂಬಾ ಚೆನ್ನಾಗಿ ಕೂರತ್ತೆ. 33 ಅಡಿ ಬಾಹುವಿನ ಚೌಕ ಹಾಕಿದ್ರೆ ಸರಿಯಾಗಿ ಒಂದು ಗುಂಟೆ, 33 × 33 = 1089 ಚದರ ಅಡಿ, ಅಂಥ 40 ಸೇರಿದ್ರೆ ಒಂದು ಎಕರೆ. ಗುಂಟೆಯ ಚೌಕ ಬರೆದು ಒಂದೊಂದು ಬದೀನೂ ನಾಲ್ಕು ಭಾಗ ಮಾಡಿ ಗೆರೆ ಎಳೆದ್ರೆ ಒಳಗೆ 16 ಚೌಕ ಬರತ್ತೆ, ಅದರಲ್ಲಿ ಒಂದು ಅಂದ್ರೆ ಒಂದು ಆಣೆ.

ಇಷ್ಟಾದ್ಮೇಲೆ ಉಲ್ಟಾ ಕೇಳಿ. ದೊಡ್ಡ ಚೌಕಾಬಾರದಲ್ಲಿ 49 ಮನೆ ಇದೆ, ಒಂದು ಬದಿಗೆ ಎಷ್ಟು? ಮಗ್ಗಿ ಗೊತ್ತಿರೋ ಮಗು ಏಳೇಳ್ಲಿ ಅಂತ ಹುಡುಕ್ಕೊಂಡು 7 ಅನ್ನತ್ತೆ, ಯಾರಾದ್ರೂ 49 ನ 4 ರಿಂದ ಭಾಗಿಸೋಕೆ ಹೋದ್ರೆ ಸುತ್ತಳತೆ ಇನ್ನೂ ಬಿಟ್ಟಿಲ್ಲ ಅಂತ ಅರ್ಥ, ಮತ್ತೆ ಬೆರಳಿಟ್ಟು ಒಂದು ಸುತ್ತು ಹಾಕ್ಸಿ.