ಸಂಡೂರಿನ ಬೆಟ್ಟಗಳಲ್ಲಿ ಜರೀಗಿಡ ನೋಡುವವರಿಗೆ ಒಂದು ಸಲಹೆ

ಬಳ್ಳಾರಿ ಜಿಲ್ಲೆಯ ಬಿಸಿಲಿಗೆ ಜರೀಗಿಡಗಳು (ಫರ್ನ್) ಉಳಿಯುವುದಿಲ್ಲ ಎಂದು ತಿಳಿದವರು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ, ಒಂದೆರಡು ಹದವಾದ ಮಳೆ ಬಿದ್ದ ಮೇಲೆ, ಸಂಡೂರಿನ ಬೆಟ್ಟಗಳನ್ನು ಒಮ್ಮೆ ನೋಡಬೇಕು. ಬಯಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ; ಉತ್ತರಕ್ಕೆ ಮುಖ ಮಾಡಿದ ಬಂಡೆಗಳ ಬಿರುಕು, ಹಳ್ಳದ ದಡ ಮತ್ತು ಹಳೆಯ ಬಾವಿಯ ಕಲ್ಲುಗೋಡೆಗಳನ್ನು ಗಮನಿಸಿ.

ಒಣ ಸೀಮೆಯ ಬಂಡೆಗಳಿಗೆ ಹೊಂದಿಕೊಂಡ ಮಯೂರಶಿಖೆ ಎಂಬ ಜರೀಗಿಡದ ಎಲೆ ಬೀಸಣಿಗೆಯಂತೆ ಹರಡಿಕೊಂಡು ಕಿರಿದಾದ ಸೀಳುಗಳಾಗಿರುತ್ತದೆ. ನೀರಿಲ್ಲದಾಗ ಮುದುಡಿ ಸತ್ತಂತೆ ಕಾಣುವ ಈ ಗಿಡ ಮಳೆ ಬಿದ್ದೊಡನೆ ಮತ್ತೆ ಹಸುರಾಗುವುದರಿಂದ, ಒಣಗಿದೆಯೆಂದು ಯಾರೂ ಕೀಳಬಾರದು.

ಗುರುತಿಸಲು ಎಲೆಯ ಮೇಲ್ಭಾಗದ ಚಿತ್ರವೊಂದೇ ಸಾಲದು. ಜರೀಗಿಡಗಳಿಗೆ ಹೂವೂ ಬೀಜವೂ ಇಲ್ಲ. ಬೀಜದ ಬದಲು ಸಂತಾನ ಬೆಳೆಸುವ ಅವುಗಳ ಪುಡಿಯಂಥ ಬೀಜಕಗಳು ಸಾಮಾನ್ಯವಾಗಿ ಎಲೆಯ ಕೆಳಭಾಗದಲ್ಲಿರುತ್ತವೆ, ಮತ್ತು ಅವು ಅಂಚಿನಲ್ಲಿವೆಯೋ ನಡುವಿನಲ್ಲಿ ಚುಕ್ಕೆಗಳಾಗಿವೆಯೋ ಎಂಬುದರಿಂದಲೇ ಎಷ್ಟೋ ಜಾತಿಗಳು ಬೇರ್ಪಡುತ್ತವೆ. ಹಂಸಪಾದಿ ಎಂಬ ಜರೀಗಿಡದಲ್ಲಿ ಎಲೆಯ ಮಡಚಿದ ಅಂಚಿನ ಕೆಳಗೆ ಅವು ಅಡಗಿರುತ್ತವೆ. ಕೆಲವು ಬಂಡೆ ಜರೀಗಿಡಗಳ ಎಲೆಯಡಿ ಬಿಳಿ ಪುಡಿ ಬಳಿದಂತಿರುತ್ತದೆ. ಅದನ್ನು ರೋಗವೆಂದು ಭಾವಿಸುವುದು ತಪ್ಪು. ಆದ್ದರಿಂದ ಎಲೆಯನ್ನು ಕೀಳದೆ ಮೆಲ್ಲನೆ ತಿರುಗಿಸಿ, ಅಳತೆಗೆ ಒಂದು ನಾಣ್ಯವನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆಯಿರಿ.

ನರ್ಸರಿಗಳಲ್ಲಿ ಜರೀಗಿಡವೆಂದು ಮಾರುವ ಶತಾವರಿ ಜಾತಿಯ ಗಿಡಗಳು ಹೂ ಬಿಡುತ್ತವೆ. ಅವನ್ನು ಜರೀಗಿಡಗಳ ಗುಂಪಿಗೆ ಸೇರಿಸಬೇಡಿ. ಮೀಸಲು ಅರಣ್ಯದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯುವುದು ಅಗತ್ಯ.