ಮುಖ ಸಿಗಬೇಕಾದರೆ ಕ್ಯಾಮೆರಾ ಕೆಳಗಿಳಿಯಬೇಕು: ನನ್ನ ಅನುಭವ

ಮನೆಯ ಹೊರಗೆ ನಾನು ಹಾಕಿರುವುದು ನಾಲ್ಕೇ ಸಿಸಿಟಿವಿ ಕ್ಯಾಮೆರಾ. ಎಲ್ಲವೂ 4 ಮೆಗಾಪಿಕ್ಸೆಲ್. ಮೂರು ಸುಮಾರು ಎಂಟು ಅಡಿ ಎತ್ತರದಲ್ಲಿವೆ, ಒಂದು ಮಾತ್ರ ಮೇಲೆ ಸೂರಿನಡಿ. ಹಾಕುವಾಗ ಕೇಳಿದ್ದು ಒಂದೇ ಮಾತು: ಇಷ್ಟು ಕೆಳಗಿದ್ದರೆ ಕಿತ್ತುಕೊಂಡು ಹೋಗುತ್ತಾರೆ, 6 ಎಂಎಂ ಲೆನ್ಸಿನಲ್ಲಿ ಅರ್ಧ ಅಂಗಳವೂ ಕಾಣದು, ಇದೇ ದುಡ್ಡಿಗೆ ಎಂಟು 4ಕೆ ಕ್ಯಾಮೆರಾ ಬರುತ್ತಿತ್ತು. ಈಗ ಅಮಾವಾಸ್ಯೆ ಕತ್ತಲಲ್ಲೂ ಗೇಟು ತೆಗೆದವರ ಮುಖ ಕಣ್ಣು, ಹುಬ್ಬು, ಮೂಗಿನ ಸಮೇತ ಸ್ಪಷ್ಟವಾಗಿ ಸಿಗುತ್ತಿದೆ. ಅಂದು ಬೇಡ ಅಂದವರೇ ಸೆಟ್ಟಿಂಗ್ ಕೇಳುತ್ತಿರುವುದರಿಂದ ಇದನ್ನು ಬರೆದಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ, ಹೆಚ್ಚುಕಡಿಮೆ.

ಮೊದಲು ಲೆನ್ಸ್. ಅಪರಿಚಿತರ ಮುಖ ಗುರುತಿಸಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಅನ್ನುವುದು ಕಾವಲು ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿಯ ಲೆಕ್ಕ. ಪರಿಚಿತರನ್ನು ಇವರೇ ಅನ್ನಲು 125 ಸಾಕು. ಚಿತ್ರದ ಅಗಲ 2560 ಪಿಕ್ಸೆಲ್ ಇದ್ದರೆ 250ರಂತೆ ಹತ್ತು ಮೀಟರ್ ಅಗಲದ ದೃಶ್ಯದವರೆಗೆ ಮಾತ್ರ ಮುಖ ಸಿಗುತ್ತದೆ. 2.8 ಎಂಎಂ ಲೆನ್ಸ್ ನೂರು ಡಿಗ್ರಿಯಷ್ಟು ಅಗಲ ನೋಡುವುದರಿಂದ ನಾಲ್ಕು ಮೀಟರ್ ದೂರಕ್ಕೇ ಆ ಹತ್ತು ಮೀಟರ್ ಮುಗಿದುಹೋಗುತ್ತದೆ. 6 ಎಂಎಂನಲ್ಲಿ ಕೋನ 55 ಡಿಗ್ರಿ ಆಸುಪಾಸು, ಹಾಗಾಗಿ ಒಂಬತ್ತೂವರೆ ಮೀಟರ್‌ವರೆಗೆ ಮುಖ ನಿಲ್ಲುತ್ತದೆ. ನನ್ನ ಗೇಟು ಕ್ಯಾಮೆರಾದಿಂದ ಏಳು ಮೀಟರ್. 2.8 ಎಂಎಂಗೆ 4ಕೆ ಹಾಕಿದರೂ ಆರು ಮೀಟರ್ ಚಿಲ್ಲರೆಗೆ ನಿಲ್ಲುತ್ತಿತ್ತು, ಅದೂ ಹಗಲಿನಲ್ಲಿ. ಕತ್ತಲಾದರೆ ಪಿಕ್ಸೆಲ್ ಎಣಿಕೆಗಿಂತ ಸೆನ್ಸರಿನ ಗಾತ್ರ ಮುಖ್ಯ. 1/2.8 ಇಂಚಿನ ಸೆನ್ಸರಿಗೆ 8 ಮೆಗಾಪಿಕ್ಸೆಲ್ ತುರುಕಿದ ಕ್ಯಾಮೆರಾಕ್ಕಿಂತ 1/1.8 ಇಂಚಿನ 4 ಮೆಗಾಪಿಕ್ಸೆಲ್ ರಾತ್ರಿ ಎಷ್ಟೋ ಮೇಲು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದನ್ನು ಬಿಡಿ, ಸೆನ್ಸರ್ ಅಳತೆ ಹುಡುಕಿ. ಅದನ್ನು ಹೇಳದ ಮಾಡೆಲ್ ನಾನು ಮುಟ್ಟುವುದಿಲ್ಲ.

ಎತ್ತರದ ಲೆಕ್ಕ ಇನ್ನೂ ಸರಳ. ನಾಲ್ಕು ಮೀಟರ್ ಮೇಲಿಟ್ಟು, ನಾಲ್ಕು ಮೀಟರ್ ಮುಂದೆ ನಿಂತವರನ್ನು ನೋಡಿದರೆ ನೋಟ ಮೂವತ್ತು ಡಿಗ್ರಿಗಿಂತ ಹೆಚ್ಚು ಇಳಿಜಾರು. ಟೋಪಿ ಹಾಕಿದ್ದರೆ ಸಿಗುವುದು ಟೋಪಿಯೇ. 2.4 ಮೀಟರ್‌ಗೆ ಇಳಿಸಿದರೆ ಅದೇ ಜಾಗಕ್ಕೆ ಹನ್ನೊಂದು ಡಿಗ್ರಿ. ಹದಿನೈದರ ಒಳಗಿದ್ದರೆ ಮುಖ ಚೆನ್ನಾಗಿ ಬರುತ್ತದೆ. ಕಿತ್ತುಕೊಂಡು ಹೋಗುವ ಭಯಕ್ಕೆ ಉತ್ತರ ಸೂರಿನಡಿಯ 2.8 ಎಂಎಂ. ಅದಕ್ಕೆ ಮುಖ ಬೇಕಿಲ್ಲ, ಕೆಳಗಿನ ಕ್ಯಾಮೆರಾಗಳನ್ನು ಕಾಯುವುದೇ ಅದರ ಕೆಲಸ. ಮನೆಯ ಪಕ್ಕದ ಕಿರಿದಾದ ಓಣಿಗೆ ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಕೂರಿಸಿ, ಚಿತ್ರವನ್ನು ಉದ್ದುದ್ದ ಮಾಡಿದ್ದೇನೆ. ಇಲ್ಲದಿದ್ದರೆ ಅರ್ಧ ಪಿಕ್ಸೆಲ್ ಎರಡೂ ಗೋಡೆಗೆ ದಂಡ. ಗೇಟಿಗೆ ಬಂದವರು ತಾವಾಗಿಯೇ ಲೆನ್ಸಿನ ಕಡೆ ಮುಖ ಎತ್ತುವ ಹಾಗೆ ಒಂದು ಏರ್ಪಾಡು ಇದೆ. ಅದನ್ನು ಬರೆದರೆ ಅದರ ಉಪಯೋಗ ಹೋಗುತ್ತದೆ, ಬಿಟ್ಟಿದ್ದೇನೆ.

ರಾತ್ರಿಯ ಚಿತ್ರ ಕೆಡುವುದು ಬಹುತೇಕ ಶಟರ್‌ನಿಂದ, ಅಂದರೆ ಒಂದೊಂದು ಫ್ರೇಮಿಗೆ ಸೆನ್ಸರ್ ಬೆಳಕು ಹಿಡಿಯುವ ಹೊತ್ತಿನಿಂದ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕತ್ತಲಲ್ಲಿ 1/25 ಸೆಕೆಂಡ್ ಅಥವಾ ಇನ್ನೂ ನಿಧಾನಕ್ಕೆ ಇಳಿಯುತ್ತದೆ. ಸಾಧಾರಣ ನಡಿಗೆ ಸೆಕೆಂಡಿಗೆ 1.4 ಮೀಟರ್ ಅಂದುಕೊಳ್ಳಿ. 1/25ರಲ್ಲಿ ಅಡ್ಡ ಹಾಯುವವರು ಐದೂವರೆ ಸೆಂಟಿಮೀಟರ್ ಸರಿದಿರುತ್ತಾರೆ, ಅಂದರೆ 250 ಪಿಕ್ಸೆಲ್ ಲೆಕ್ಕದಲ್ಲಿ ಹದಿನಾಲ್ಕು ಪಿಕ್ಸೆಲ್ ಕಲಸು. 1/100ಕ್ಕೆ ಕಟ್ಟಿಹಾಕಿದರೆ ಮೂರೂವರೆ. ನಿಂತ ಅಂಗಳ ಫಳಫಳ ಹೊಳೆದು ನಡೆಯುವವರು ದೆವ್ವದಂತೆ ಕಂಡರೆ ಕಾರಣ ಇದೇ. ಗೇಟಿನದು 1/100, ಉಳಿದವು 1/50. ವಿದ್ಯುತ್ 60 ಹರ್ಟ್ಸ್ ಇರುವಲ್ಲಿ 1/120 ಮತ್ತು 1/60 ಇಡಿ, ದೀಪದ ಮಿಣುಕು ಬರುವುದಿಲ್ಲ. ಗೇನ್ (ಸೆನ್ಸರ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಮಿತಿ ನೂರಕ್ಕೆ 50ರ ಸುಮಾರು, ಬಿಸಿಲು ನೆರಳು ಎರಡನ್ನೂ ಸರಿದೂಗಿಸುವ ಡಬ್ಲ್ಯೂಡಿಆರ್ ಹಗಲಿಗೆ ಮಾತ್ರ.

ಶಟರ್ ಏರಿಸಿದರೆ ಬೆಳಕು ಸಾಲದು. ಆಗ ಬೇಕಾಗುವುದು ಪ್ರತ್ಯೇಕ ಇನ್‌ಫ್ರಾರೆಡ್ ದೀಪ. ನಾನು ಹಾಕಿದ್ದು 850 ನ್ಯಾನೋಮೀಟರ್ ತರಂಗಾಂತರದ, 60 ಡಿಗ್ರಿ ಕೋನದ್ದು, ಕ್ಯಾಮೆರಾದಿಂದ ಎರಡು ಮೀಟರ್ ಆಚೆಗೆ. ಒಳಗಿನ ಎಲ್‌ಇಡಿಗಳನ್ನು ಪೂರ್ತಿ ಆರಿಸಿದ್ದೇನೆ. 940 ಹಾಕಿದರೆ ಮಂದ ಕೆಂಪು ಹೊಳಪೂ ಕಾಣದು, ಆದರೆ ಸೆನ್ಸರ್‌ಗೆ ಆ ಬೆಳಕು ಅಷ್ಟು ಹಿಡಿಸದ ಕಾರಣ ದೂರ ಅರ್ಧಕ್ಕರ್ಧ ಇಳಿಯುತ್ತದೆ. ದೀಪ ದೂರ ಹೋದದ್ದರಿಂದ ಆದ ದೊಡ್ಡ ಲಾಭ ಜೇಡದ ಕಾಟ ತಪ್ಪಿದ್ದು. ಲೆನ್ಸಿನ ಸುತ್ತ ಬೆಳಕಿದ್ದರೆ ಹುಳು ಬರುತ್ತದೆ, ಹುಳುವಿನ ಹಿಂದೆ ಜೇಡ, ಅದರ ಬಲೆಗೆ ಬೆಳಕು ಬಿದ್ದು ಇಡೀ ಚಿತ್ರ ಬೆಳ್ಳಗೆ. ಮಳೆಹನಿಯೂ ಹಾಗೆಯೇ. ಎಣ್ಣೆ, ಕರ್ಪೂರ, ಸ್ಪ್ರೇ ಎಲ್ಲ ನಾಲ್ಕು ದಿನದ ಮಾತು. ಅರ್ಧಗೋಳದ ಹೊದಿಕೆಯೊಳಗೆ ಕೂರುವ ಡೋಮ್ ಮಾದರಿಯನ್ನು ಹೊರಗೆ ಹಾಕದಿರುವುದಕ್ಕೂ ಕಾರಣ ಬೆಳಕೇ: ಗಾಜಿನ ಮೇಲೆ ಧೂಳು ಕೂತ ಕೂಡಲೇ ಒಳಗಿನ ಎಲ್‌ಇಡಿ ಬೆಳಕು ತಿರುಗಿ ಲೆನ್ಸಿಗೇ ಹೊಡೆಯುತ್ತದೆ. ಅಂಥ ಹೊದಿಕೆ ಇಲ್ಲದ ಟರೆಟ್ ಮಾದರಿಗೆ ಆ ಕಾಟವಿಲ್ಲ.

ಇನ್ನು ದುಡ್ಡು. ಕ್ಯಾಮೆರಾಗಳಿಗೆ ಹೋದದ್ದು ಒಟ್ಟು ಖರ್ಚಿನ ಅರ್ಧಕ್ಕಿಂತ ತುಸು ಕಡಿಮೆ. ಕಾಲು ಭಾಗ ಕೇಬಲ್, ಪೈಪು, ಜಂಕ್ಷನ್ ಬಾಕ್ಸಿಗೆ. ಉಳಿದದ್ದು ರೆಕಾರ್ಡರ್, ಡಿಸ್ಕ್, ಪಿಓಇ (ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕಳಿಸುವ) ಸ್ವಿಚ್, ಯುಪಿಎಸ್‌ಗೆ. ಕೇಬಲ್‌ನಲ್ಲಿ ಉಳಿಸಲು ಹೋಗುವವರೇ ಹೆಚ್ಚು, ಪೆಟ್ಟು ಬೀಳುವುದೂ ಅಲ್ಲೇ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್‌ನ ಪ್ರತಿರೋಧ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು, ಹಾಗಾಗಿ ಹೊರೆ ಏರಿದಾಗ ವೋಲ್ಟೇಜ್ ಕುಸಿಯುತ್ತದೆ. ಹಗಲೆಲ್ಲ ನೆಟ್ಟಗೆ ಓಡುವ ಕ್ಯಾಮೆರಾ ಮುಸ್ಸಂಜೆ ಎಲ್‌ಇಡಿ ಹೊತ್ತಿದ ಕ್ಷಣ ರೀಸ್ಟಾರ್ಟ್ ಆಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಜನ ಕ್ಯಾಮೆರಾ ಬದಲಿಸುತ್ತಾರೆ, ಕೇಬಲ್ ಬದಲಿಸುವುದಿಲ್ಲ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಹಿಂದಿರುಗಿಸಿ. 12 ವೋಲ್ಟ್ ಅಡಾಪ್ಟರಿನಿಂದ ತೆಳು ತಂತಿ ಎಳೆಯುವುದೂ ಅದೇ ಕಥೆ: 30 ಮೀಟರಿಗೆ ಮೂರು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಪಿಓಇ ನಡೆಯುವುದು 48 ವೋಲ್ಟ್ ಸುಮಾರಿನಲ್ಲಿ, ಹಾಗಾಗಿ ತಾಮ್ರದ ಕೇಬಲ್‌ನಲ್ಲಿ ನಷ್ಟ ಲೆಕ್ಕಕ್ಕಿಲ್ಲ. ಬಿಸಿಲಿಗೆ ಬೀಳುವ ಕಡೆ ಕಪ್ಪು ಪಾಲಿಎಥಿಲೀನ್ ಹೊದಿಕೆಯದೇ ಬೇಕು, ಒಳಾಂಗಣದ ಪಿವಿಸಿ ಸಿಡಿಯುತ್ತದೆ.

ಜೋಡಣೆ ಎಲ್ಲವೂ ಜಂಕ್ಷನ್ ಬಾಕ್ಸಿನ ಒಳಗೆ. ಕೇಬಲ್ ಪ್ರವೇಶ ಕೆಳಗಿನಿಂದ, ಪ್ರವೇಶಕ್ಕೆ ಮುಂಚೆ ನೀರು ತೊಟ್ಟಿಕ್ಕಿ ಹೋಗಲು ಕೇಬಲ್ ಕೆಳಗೆ ಜೋತಿರುವ ಒಂದು ಬಳುಕು, ಬಾಕ್ಸಿನ ತಳದಲ್ಲಿ 3 ಎಂಎಂ ತೂತು. ತೂತು ಬೇಡ, ಪೂರ್ತಿ ಸಿಲಿಕೋನ್ ಬಳಿಯಿರಿ ಅನ್ನುವವರಿದ್ದಾರೆ; ಒಳಗೆ ತಂಪಿಗೆ ಕಟ್ಟುವ ನೀರು ಹೋಗುವುದಾದರೂ ಎಲ್ಲಿಗೆ? ಕೇಬಲ್ ಒಳಹೋಗುವ ಕಡೆ ನೀರು ತಡೆಯುವ ಗ್ಲ್ಯಾಂಡ್‌ನ ಬಿಡಿಭಾಗಗಳನ್ನು, ಪ್ಲಗ್ ಕ್ರಿಂಪ್ ಮಾಡುವ (ಒತ್ತಿ ಕೂರಿಸುವ) ಮೊದಲೇ ಕೇಬಲ್‌ಗೆ ಪೋಣಿಸಿ. ಪ್ಲಗ್ಗಿಗೆ ತುಸು ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಸದ) ಗ್ರೀಸ್, ಮೇಲೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಮಾಮೂಲಿ ಟೇಪು. ಹಸಿರು ಕಿಲುಬು ಹಿಡಿದ ಪಿನ್ ನನ್ನಲ್ಲಿ ಈವರೆಗೆ ಒಂದೂ ಇಲ್ಲ.

ರೆಕಾರ್ಡಿಂಗ್ ದಿನವಿಡೀ, ವಿಡಿಯೋ ಕುಗ್ಗಿಸುವ ವಿಧಾನ ಎಚ್.265, ಸೆಕೆಂಡಿಗೆ 15 ಫ್ರೇಮ್. ಸರಾಸರಿ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ಅಂದರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ 43 ಜಿಬಿ, ನಾಲ್ಕಕ್ಕೆ 170 ಚಿಲ್ಲರೆ. 4 ಟಿಬಿ ಡಿಸ್ಕ್ ಮೂರು ವಾರ ಬರುತ್ತದೆ. ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಸುಮಾರು 60 ವಾಟ್ ಹೊರೆಗೆ ಮುಕ್ಕಾಲು ಗಂಟೆ. ಕ್ಯಾಮೆರಾಗಳು ಬೇರೆ ವಿಎಲ್ಎಎನ್‌ನಲ್ಲಿವೆ (ಮನೆಯ ಉಳಿದ ನೆಟ್‌ವರ್ಕಿನಿಂದ ಬೇರ್ಪಡಿಸಿದ ಪಾಲು), ಇಂಟರ್ನೆಟ್ ಇಲ್ಲ, ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ನೇರ ಒಳಬರುವ ದಾರಿ) ಇಲ್ಲ. ಹೊರಗಿನಿಂದ ನೋಡಲು ವೈರ್‌ಗಾರ್ಡ್ ಎಂಬ ವಿಪಿಎನ್. 2016ರ ಮಿರಾಯ್ ಎಂಬ ಮಾಲ್‌ವೇರ್ ಹಬ್ಬಿದ್ದು ಕಂಪನಿಯ ಪಾಸ್‌ವರ್ಡ್ ಬದಲಿಸದ ಇಂಥ ಕ್ಯಾಮೆರಾ, ರೆಕಾರ್ಡರ್‌ಗಳ ಮೂಲಕವೇ ಹೆಚ್ಚಾಗಿ. ಇಂಟರ್ನೆಟ್ ಕಡಿದ ಮೇಲೆ ಗಡಿಯಾರ ಜಾರುತ್ತದೆ, ಸಮಯವನ್ನು ರೆಕಾರ್ಡರಿನಿಂದ ಕೊಡಿ. ಎರಡನೇ ಪ್ರತಿ ಎಲ್ಲಿಗೆ ಹೋಗುತ್ತದೆ ಅನ್ನುವುದು ನನ್ನಲ್ಲೇ ಇರಲಿ.

ಬ್ಯಾಟರಿಯ ವೈಫೈ ಕ್ಯಾಮೆರಾವನ್ನೂ ಪಕ್ಕಕ್ಕಿಟ್ಟು ನೋಡಿದ್ದಾಗಿದೆ. ಶಾಖ ಕಂಡು ಎಚ್ಚರಗೊಳ್ಳುವಷ್ಟರಲ್ಲಿ ಬಂದವರು ಹಿಂದಿರುಗುತ್ತಿರುತ್ತಾರೆ, ಸಿಗುವುದು ಬೆನ್ನು. ವಾಹನದ ನಂಬರ್ ಪ್ಲೇಟಿನ ಪ್ರಯೋಗ ಮಾತ್ರ ಖುಷಿ ಕೊಟ್ಟಿತು: 12 ಎಂಎಂ ಲೆನ್ಸ್, ಶಟರ್ 1/1000, ದೀಪವನ್ನು ಲೆನ್ಸಿಗೆ ಒತ್ತಿ ಇಡಬೇಕು, ಯಾಕೆಂದರೆ ಪ್ಲೇಟಿನ ಹಾಳೆ ಬೆಳಕನ್ನು ಬಂದ ದಿಕ್ಕಿಗೇ ವಾಪಸು ಕಳಿಸುತ್ತದೆ. ಚಿತ್ರವೆಲ್ಲ ಕಪ್ಪು, ಪ್ಲೇಟ್ ಮಾತ್ರ ಬೆಳ್ಳಗೆ. ಓರೆ 30 ಡಿಗ್ರಿ ಮೀರಿದರೆ ಓದಲಾಗದು. ಮುಖಕ್ಕೆ ಆ ಕ್ಯಾಮೆರಾ ಉಪಯೋಗವಿಲ್ಲ, ಎರಡನ್ನೂ ಒಂದರಲ್ಲೇ ಮಾಡಲು ಹೋಗಬೇಡಿ.

ಜೂಮ್ ಬದಲಿಸಬಹುದಾದ ಲೆನ್ಸ್ ಕೊಂಡಿದ್ದರೆ ಫೋಕಸ್ ಮಾಡುವುದು ರಾತ್ರಿ, ದೀಪ ಹೊತ್ತಿಸಿ, ಗೇಟಿನ ಹತ್ತಿರ ಒಬ್ಬರನ್ನು ನಿಲ್ಲಿಸಿ. ಹಗಲು ಕೂರಿಸಿದ ಫೋಕಸ್ ಇನ್‌ಫ್ರಾರೆಡ್‌ಗೆ ಸ್ವಲ್ಪ ಸರಿಯುತ್ತದೆ. ರಾತ್ರಿಯದಕ್ಕೆ ಕೂರಿಸಿದರೆ, ಐರಿಸ್ (ಲೆನ್ಸಿನ ಬೆಳಕಿನ ಕಿಂಡಿ) ತಾನಾಗಿ ಬದಲಾಗುವ ಲೆನ್ಸಿನಲ್ಲಿ ಹಗಲು ಅದು ಕಿರಿದಾಗಿ ಆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಪಕ್ಕದ ಮನೆಯ ಕಿಟಕಿ ಚೌಕಟ್ಟಿಗೆ ಬಂದರೆ ಆವತ್ತೇ ಪ್ರೈವಸಿ ಮಾಸ್ಕ್ (ಚಿತ್ರದ ಆ ಭಾಗ ಮುಚ್ಚುವ ಪಟ್ಟಿ) ಎಳೆದು, ಅವರನ್ನೇ ಕರೆದು ಪರದೆಯಲ್ಲಿ ತೋರಿಸಿ.